ತುಳಿಯುವ ಕಾಲು

ಬಿಳೇಕಹಳ್ಳಿಯ ಆ ಮನೆಯ ಪಡಸಾಲೆಯಲ್ಲಿ ನೆಂಟರು ಬಂದರೆ ಕೂರಲು ಜಾಗವಿಲ್ಲ; ಎಲ್ಲ ಹೊಲಿಗೆ ಮಿಷನ್ನುಗಳದೇ. ಗೌರಮ್ಮ ಒಂದೊಂದಾಗಿ ತಂದು ಸೇರಿಸಿದ್ದು. ಗೊಟ್ಟಿಗೆರೆಯಲ್ಲಿ ಯಾರದೋ ಮನೆ ಒಡೆಯುವಾಗ ಸಿಕ್ಕ ಕೈಮಿಷನ್ನು, ಬೊಮ್ಮನಹಳ್ಳಿಯಲ್ಲಿ ಮುಚ್ಚಿದ ಗಾರ್ಮೆಂಟ್ಸಿನದೊಂದು, ಕೊಬ್ಬರಿ ಎಣ್ಣೆ ಬಿಟ್ಟು ಬಿಟ್ಟು ಯಾರೋ ಅಂಟು ಹಿಡಿಸಿ ತಿರುಗದಂತೆ ಮಾಡಿದ್ದ ಕರಿಯದೊಂದು. ಯಾವುದು ಏಕೆ ಮುನಿಸಿಕೊಂಡಿದೆ ಎಂದು ಅವರಿಗೆ ಸದ್ದಿನಲ್ಲೇ ತಿಳಿಯುತ್ತದೆ. ಹೊಲಿಯುವುದು ಮಾತ್ರ ಮದುವೆಗೆ ಮುಂಚೆ ಅಪ್ಪ ಕೊಡಿಸಿದ, ಕಾಲಲ್ಲಿ ತುಳಿಯುವ ಮಿಷನ್ನಿನಲ್ಲೇ.

ಈಗ ಮಂಡಿ ಸವೆದಿತ್ತು. ಇನ್ನು ತುಳಿಯಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ತುಳಿಯದೆ ಹೊಲಿಯುವುದು ಬಂದರೆ ಸರಿ, ಇಲ್ಲವಾದರೆ ಹೊಲಿಗೆಯೇ ಮುಗಿಯಿತು.

ಸೊಸೆ ಬಿಂದುಶ್ರೀ ಕರೆಂಟಿನಲ್ಲಿ ಓಡುವ ಕಂಪ್ಯೂಟರ್ ಹೊಲಿಗೆ ಮಿಷನ್ ತಂದು ಮೇಜಿನ ಮೇಲಿಟ್ಟಳು. ಕೆಳಗೆ ಅಂಗೈಯಗಲದ ಪೆಡಲ್ಲು.

“ಸುಮ್ನೆ ಕಾಲಿಟ್ರೆ ಸಾಕು ಅತ್ತೆ. ಬೆಣ್ಣೆ ಥರ ಹೋಗುತ್ತೆ.”

ಹೋಯಿತು. ದಿಂಬಿನ ಕವರಿನ ಮೂಲೆ ಬಂದಾಗ ನಿಲ್ಲಿಸಬೇಕಲ್ಲ, ಗೌರಮ್ಮ ಎಂದಿನಂತೆ ಕಾಲನ್ನು ಬಿಗಿಯಾಗಿ ಊರಿದರು. ಹಳೆಯದರಲ್ಲಿ ಹಾಗೆ ಊರಿದರೆ ತುಳಿಯುವ ಹಲಗೆ ಅಲ್ಲಾಡದೆ ಸೂಜಿ ನಿಲ್ಲುತ್ತದೆ. ಇದು ಊರಿದಷ್ಟೂ ಓಡುತ್ತದೆ. ಗಾಬರಿಯಲ್ಲಿ ಇನ್ನಷ್ಟು ಊರಿದರು. ಹೊಲಿಗೆ ಮೂಲೆ ದಾಟಿ, ಸೆರಗನ್ನೂ ಸೇರಿಸಿಕೊಂಡಿತು; ಸೂಜಿ ಮುರಿಯಿತು.

ಗಂಡ ಗಂಗಾಧರಯ್ಯ ಪೇಪರಿನಿಂದ ತಲೆಯೆತ್ತಿದರು. “ನಿನ್ನೂ ಸೇರ್ಸಿ ಹೊಲೀತಾ? ಒಳ್ಳೇದಾಯ್ತು, ಒಂದ್ಕಡೆ ಕೂತಿರ್ತೀಯ.”

“ನೀವು ಪೇಪರ್ ಓದ್ಕೊಳಿ” ಎಂದು ಗೌರಮ್ಮ ಸೆರಗು ಬಿಡಿಸಿಕೊಂಡರು.

ಎರಡನೇ ಸೂಜಿಯೂ ಹಾಗೆಯೇ ಹೋಯಿತು.

“ತಪ್ಪು ಮಿಷನ್ದಲ್ಲಮ್ಮ. ಕಾಲಿಗೆ ಹಳೇದೇ ಗೊತ್ತು. ಅದಕ್ಕೆ ಬುದ್ಧಿ ಹೇಳೋ ಶಕ್ತಿ ನಂಗಿಲ್ಲ. ವಾಪಸ್ ಕೊಟ್ಬಿಡು.”

ಬಿಂದುಶ್ರೀ ಬಗ್ಗಿ ಪೆಡಲ್ಲಿನ ವೈರು ಕಿತ್ತಳು. “ಕಾಲೇ ಬೇಡ ಬಿಡಿ. ಸೂಜಿ ಹತ್ರ ಬಟನ್ ಇದೆ ನೋಡಿ. ಒತ್ತಿದ್ರೆ ಹೋಗುತ್ತೆ, ಇನ್ನೊಂದ್ಸಲ ಒತ್ತಿದ್ರೆ ನಿಲ್ಲುತ್ತೆ.”

ಗೌರಮ್ಮ ಒತ್ತಿದರು. ಹೋಯಿತು. ಒತ್ತಿದರು. ಮೂಲೆಯಲ್ಲೇ ನಿಂತಿತು. ಬಟ್ಟೆ ತಿರುಗಿಸಿ ಇನ್ನೊಂದು ಬದಿ ಹಿಡಿದರು. ಹೊಲಿಗೆ ನೇರವಾಗಿಯೇ ಬರುತ್ತಿತ್ತು. ಆದರೆ ಮಂಡಿ ಮೊದಲಿನಂತೆಯೇ ಸೆಳೆಯತೊಡಗಿತು.

ಗಂಗಾಧರಯ್ಯ ಮೇಜಿನ ಕೆಳಗೆ ಇಣುಕಿದರು. “ಏನೇ ತುಳೀತಿದ್ದೀಯ ಅಲ್ಲಿ?”

ಬರಿಯ ನೆಲದ ಮೇಲೆ ಅವರ ಪಾದ ಹಿಮ್ಮಡಿಗೂ ಬೆರಳಿಗೂ ತೂಗುತ್ತಲೇ ಇತ್ತು. ಗೌರಮ್ಮ ಅದನ್ನು ತಡೆದು ಹಿಡಿದರು. ಕಾಲು ನಿಂತದ್ದೇ ಕೈಯ ಹದವೂ ತಪ್ಪಿ ಹೊಲಿಗೆ ಸೊಟ್ಟಗಾಯಿತು.

ಬಟನ್ ಒತ್ತಿ ಮಿಷನ್ ನಿಲ್ಲಿಸಿದರು. ಆಮೇಲೆ ಸೊಟ್ಟ ಹೊಲಿಗೆ ಬಿಚ್ಚಿದರು.

“ಒಂದು ಹಳೇ ಕಂಬಳಿ ಮಡಚಿ ಕಾಲಡಿಗೆ ಹಾಕಮ್ಮ, ನೆಲ ತಣ್ಣಗಿದೆ. ತುಳೀಲಿ ಈ ಕಾಲು, ಅದಕ್ಕೇ ಸಾಕಾಗೋ ತನಕ” ಎಂದು ಮತ್ತೆ ಬಟನ್ ಒತ್ತಿದರು.