ನೀರಿಗೆ ಕರೆಂಟು, ಕರೆಂಟಿಗೆ ನೀರು

ಊರಿನ ಕರೆಂಟು ಭಾವನ ಕೈಯಲ್ಲಿತ್ತು, ನೀರು ಭಾಮೈದನ ಕೈಯಲ್ಲಿ. ಇಂಥ ಊರಿಗೆ ಯಾವ ಶತ್ರು ತಾನೇ ಏನು ಮಾಡಿಯಾನು? ಹಾಗಂತ ರಕ್ಷಣಾ ಸಮಿತಿಯ ಅಧ್ಯಕ್ಷರೇ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು.

ಹೊರಗಿನಿಂದ ಬರುವ ಲೈನನ್ನು ಯಾರಾದರೂ ಬೇಕೆಂದೇ ಕಡಿದರೆ ಏನು ಗತಿ ಎಂದು ಸಮಿತಿ ಕೇಳಿದಾಗ ಭಾವ, ಅಂದರೆ ವಿದ್ಯುತ್ ಎಂಜಿನಿಯರ್, ಎದೆಯುಬ್ಬಿಸಿ ಉತ್ತರ ಕೊಟ್ಟಿದ್ದ: ಊರೊಳಗೇ ತುರ್ತು ಸ್ಥಾವರವಿದೆ, ಅದು ಕಾಯದಂತೆ ತಣ್ಣಗಿಡುವ ನೀರನ್ನು ಭಾಮೈದನ ಪಂಪ್‌ಹೌಸ್ ಕೊಡುತ್ತದೆ. ಪಂಪ್‌ಹೌಸಿನ ಕರೆಂಟೇ ಹೋದರೆ? ಭಾಮೈದನೂ ಅಷ್ಟೇ ಧೈರ್ಯದಿಂದ ಹೇಳಿದ್ದ: ಭಾವನ ತುರ್ತು ಸ್ಥಾವರ ಇದೆಯಲ್ಲ. ಸುತ್ತ ಕೂತ ತಜ್ಞರೆಲ್ಲ ತಲೆಯಾಡಿಸಿದರು. ಮನೆಯವರ ಮೇಲೆ ಮನೆಯವರೇ ಅನುಮಾನ ಪಡುವುದುಂಟೇ?

ಅಣಕು ದಾಳಿಯ ಪರೀಕ್ಷೆಯೂ ನಡೆಯಿತು. ಸೋಮವಾರ ಸ್ಥಾವರದ ಪರೀಕ್ಷೆ. ನೀರು ಧಾರಾಳವಾಗಿ ಬಂತು. ಮಂಗಳವಾರ ಪಂಪ್‌ಹೌಸಿನದು; ಕರೆಂಟು ಧಾರಾಳವಾಗಿ ಬಂತು. ಇಬ್ಬರೂ ಪಾಸು. ಎರಡನ್ನೂ ಒಂದೇ ದಿನ ನಿಲ್ಲಿಸಿ ನೋಡುವ ಕೆಟ್ಟ ಬುದ್ಧಿ ಯಾರಿಗೂ ಬರಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಎಂಜಿನಿಯರ್, ಇನ್ನು ಕರೆಂಟು ಹೋಗುವ ಪ್ರಶ್ನೆಯೇ ಇಲ್ಲ ಎಂದು ಆಸ್ಪತ್ರೆಗೂ ಭರವಸೆ ಕೊಟ್ಟ. ಆಸ್ಪತ್ರೆಯವರು ದೊಡ್ಡವರ ಮಾತನ್ನು ನಂಬಿ ಹಳೇ ಜನರೇಟರನ್ನು ಎತ್ತಿಸಿ, ಆ ಜಾಗದಲ್ಲಿ ಡಾಕ್ಟರುಗಳ ಕಾರುಗಳಿಗೆ ನೆರಳು ಮಾಡಿಸಿದರು. ಕಿಡ್ನಿ ಕೈಕೊಟ್ಟಿದ್ದ ಎಂಜಿನಿಯರನ ಹೆಂಡತಿಗೆ ಡಯಾಲಿಸಿಸ್ ನಡೆಯುತ್ತಿದ್ದುದೂ ಅದೇ ಆಸ್ಪತ್ರೆಯಲ್ಲಿ.

ವಿಮಾನ, ಬಾಂಬು, ಕಂಪ್ಯೂಟರಿಗೆ ಕನ್ನ ಹಾಕುವವರು ಎಂದೆಲ್ಲ ಸಮಿತಿ ತಲೆ ಕೆಡಿಸಿಕೊಂಡಿತ್ತು. ಬಂದವರು ಮಾತ್ರ ಒಂದು ಗ್ಯಾಸ್ ಕಟರ್ ಹಿಡಿದು ಬಂದರು. ಮಟಮಟ ಮಧ್ಯಾಹ್ನ ಊರಾಚೆಯ ಲೈನಿನ ಟವರ್ ಕಾಲು ಕೊಯ್ದು ಉರುಳಿಸಿ, ತಮ್ಮ ಪಾಡಿಗೆ ತಾವು ಹೊರಟುಹೋದರು. ಊರಿನ ಫ್ಯಾನುಗಳೆಲ್ಲ ನಿಂತವು.

ಎಂಜಿನಿಯರ್ ನಗುನಗುತ್ತಲೇ ಭಾಮೈದನಿಗೆ ಫೋನ್ ಮಾಡಿದ.

“ನೀರು ಬಿಡಪ್ಪಾ, ಸ್ಥಾವರ ಶುರು ಮಾಡ್ತೀನಿ.”

“ಬಿಡ್ತೀನಿ ಭಾವ. ಸ್ವಲ್ಪ ಕರೆಂಟ್ ಕೊಡಿ.”

“ಅಲ್ಲ ಕಣಯ್ಯ, ನೀರು ಬಂದ್ರೆ ತಾನೇ ಕರೆಂಟು?”

“ಕರೆಂಟ್ ಬಂದ್ರೆ ತಾನೇ ಭಾವ, ನೀರು?”

ಇಷ್ಟು ಸುಲಭದ ಪ್ರಶ್ನೆಯನ್ನು ಮನೆಯ ಊಟದ ಮೇಜಿನಲ್ಲಾದರೂ ಒಬ್ಬರನ್ನೊಬ್ಬರು ಕೇಳಬಹುದಿತ್ತು. ಆದರೆ ಊಟಕ್ಕೆ ಕೂತಾಗ ಆಫೀಸಿನ ಮಾತು ಆಡಬಾರದೆಂದು ಇಬ್ಬರೂ ಶಿಸ್ತು ಮಾಡಿಕೊಂಡಿದ್ದರು.

“ಭಾವ, ಇವತ್ತು ಅಕ್ಕಂಗೆ ಡಯಾಲಿಸಿಸ್ ಅಲ್ವಾ?” ಭಾಮೈದನ ದನಿ ಸಣ್ಣಗಾಗಿತ್ತು.

ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಬಿಟ್ಟು ಬಂದವನೇ ಎಂಜಿನಿಯರ್. ಅವಳ ಮೈಯಿಂದ ಹೊರಬಂದ ರಕ್ತ ಮೆಷಿನ್ನಿನ ಕೊಳವೆಗಳಲ್ಲಿ ನಿಂತಿರುತ್ತದೆ, ಹೆಪ್ಪುಗಟ್ಟಲು ಬಹಳ ಹೊತ್ತೇನೂ ಬೇಡ. ಆಸ್ಪತ್ರೆಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಓಡಿಹೋಗೋಣವೆಂದರೆ ಸ್ಥಾವರ ನಡೆಸಬೇಕಾದವನೂ ಅವನೇ. ಅತ್ತ ಭಾಮೈದ ಅಗ್ನಿಶಾಮಕದವರ ಕೈಕಾಲು ಹಿಡಿದು ನೀರಿನ ಗಾಡಿ ಕಳಿಸಿದ. ಅದು ಬಂದು, ತೊಟ್ಟಿ ತುಂಬಿ, ಸ್ಥಾವರ ಗುಡುಗುವಷ್ಟರಲ್ಲಿ ಎಂಜಿನಿಯರ್ ಕಂಡಕಂಡ ದೇವರಿಗೆಲ್ಲ ಮೊರೆಯಿಟ್ಟಿದ್ದ. ಸಮಿತಿಯ ಯೋಜನೆಯಲ್ಲಿ ದೇವರ ಪಾತ್ರ ಇರಲಿಲ್ಲ, ಆ ಮಾತು ಬೇರೆ.

ಭಾವ, ಭಾಮೈದ ಇಬ್ಬರೂ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದಾಗ ಅವಳು ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಿಳುಚಿಕೊಂಡಿತ್ತು. ಪಕ್ಕದಲ್ಲಿ ನರ್ಸು ತನ್ನ ತೋಳನ್ನು ತಾನೇ ನೀವಿಕೊಳ್ಳುತ್ತಿದ್ದಳು. ಕರೆಂಟು ಹೋದ ಕೂಡಲೇ ಮೆಷಿನ್ನಿನ ಪುಟ್ಟ ಹಿಡಿಯನ್ನು ಕೈಯಿಂದಲೇ ತಿರುಗಿಸಿ ತಿರುಗಿಸಿ, ರಕ್ತವನ್ನೆಲ್ಲ ಮೈಗೆ ವಾಪಸು ಸೇರಿಸಿದವಳು ಆ ನರ್ಸೇ.

“ಬಂದ್ರಾ ಇಬ್ರೂ?” ಎಂದಳು ಹೆಂಡತಿ. “ಗಾಬರಿ ಬೇಡ, ಕೂತ್ಕೊಳ್ಳಿ. ಪುಣ್ಯಕ್ಕೆ ಈ ಮೆಷಿನ್ ಮಾಡಿದೋರಿಗೆ ನನ್ನ ಗಂಡನ ಪರಿಚಯನೂ ಇರ್ಲಿಲ್ಲ, ತಮ್ಮನ ಪರಿಚಯನೂ ಇರ್ಲಿಲ್ಲ. ಅದಕ್ಕೇ ಒಂದು ಹಿಡಿ ಇಟ್ಟಿದಾರೆ.”

ಎಂಜಿನಿಯರ್ ನರ್ಸಿನ ಹತ್ತಿರ ಹೋಗಿ, ಆ ಹಿಡಿಯನ್ನು ಎತ್ತ ಕಡೆ ತಿರುಗಿಸಬೇಕು ಎಂದು ಕೇಳಿ ಕಲಿತುಕೊಂಡ.