ಪ್ರಿಂಟರಿಗೆ ಕದಿರು ಕಟ್ಟಿದ್ದು ತಪ್ಪಲ್ಲ

ಅಂಗಡಿ ಖಾಲಿ ಇದ್ದಾಗ ಪ್ರಿಂಟರ್ ಯಾವತ್ತೂ ಕೆಡುವುದಿಲ್ಲ. ಬಾಗಿಲಲ್ಲಿ ನಾಲ್ಕು ಜನ ನಿಂತಿರಬೇಕು, ಅದರಲ್ಲಿ ಒಬ್ಬರಿಗೆ ಬಸ್ಸಿಗೆ ಹೊತ್ತಾಗಿರಬೇಕು, ಇನ್ನೊಬ್ಬರ ಅರ್ಜಿಗೆ ಅದೇ ಕೊನೆಯ ದಿನವಾಗಿರಬೇಕು. ಆಗ ನೋಡಿ, ಕೆಡುತ್ತದೆ. ಹಾಲಾಡಿ ಪೇಟೆಯಲ್ಲಿ ಸ್ವಾತಿಯ ಜೆರಾಕ್ಸ್ ಅಂಗಡಿಯಲ್ಲೂ ಹಾಗೇ ಆಯಿತು. ಸೋಮವಾರ ಬೆಳಿಗ್ಗೆ ಸುಬ್ಬಣ್ಣನ ಮಗಳ ವಿದ್ಯಾರ್ಥಿವೇತನದ ಅರ್ಜಿ ಅರ್ಧ ಹೊರಗೆ ಬಂದಿತ್ತು. ಉಳಿದರ್ಧ ಒಳಗೇ ನಿಂತಿತು. ಎರಡು ಕೆಂಪು ದೀಪಗಳು ಒಂದಾದ ಮೇಲೊಂದು ಮಿಣುಕತೊಡಗಿದವು.

ಸ್ವಾತಿ ಇದ್ದಬದ್ದ ಗುಂಡಿಯನ್ನೆಲ್ಲ ಒತ್ತಿದಳು. ಪ್ಲಗ್ ಕಿತ್ತು ಮತ್ತೆ ಹಾಕಿದಳು. ಶಾಯಿ ನೋಡಿದರೆ ನಾಲ್ಕು ಬಣ್ಣವೂ ಅರ್ಧಕ್ಕಿಂತ ಮೇಲಿತ್ತು. ದೀಪಗಳು ಮಾತ್ರ ಮಿಣುಕುತ್ತಲೇ ಇದ್ದವು.

"ಎಂತ ಆಯ್ತ್ ಸ್ವಾತಿ?" ಸುಬ್ಬಣ್ಣ ಕೇಳಿದರು.

"ಗೊತ್ತಾತಿಲ್ಲ ಸುಬ್ಬಣ್ಣ. ಶನಿವಾರ ಲಾಯ್ಕ್ ಇದ್ದಿತ್."

"ಮೂರ್ ಗಂಟಿ ಒಳಗೆ ಕೊಡ್ಕ್ ಅಂದಿರ್ ಮಾರಾಯ್ತಿ. ನಾ ಕುಂದಾಪ್ರಕ್ಕೇ ಹೋತೆ. ಬೇಜಾರ್ ಮಾಡ್ಕಣ್ಬೇಡ."

ಅವರು ಹೋದರು. ಅವರ ಹಿಂದೆ ನಿಂತಿದ್ದ ಮೂವರೂ ಹೋದರು. ಸ್ವಾತಿ ಹನ್ನೊಂದು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೈ ಸವೆಸಿಕೊಂಡವಳು. ಹೋದ ಮಾರ್ಚಿನಲ್ಲಿ ಈ ಅಂಗಡಿ ಹಾಕಿದ್ದಳು. ಅಂಗಡಿ ಎಂದರೆ ಒಂದು ಮೇಜು, ಒಂದು ಕಂಪ್ಯೂಟರ್ ಮತ್ತು ಆ ಪ್ರಿಂಟರ್. ಪ್ರಿಂಟರ್ ಇಲ್ಲದಿದ್ದರೆ ಅವಳು ಮತ್ತೆ ಫ್ಯಾಕ್ಟರಿಗೇ ಹೋಗಬೇಕು.

ಮಧ್ಯಾಹ್ನ ಗಂಡ ಯೋಗೀಶ್ ತನ್ನ ರಿಕ್ಷಾದಲ್ಲಿ ಪ್ರಿಂಟರನ್ನೂ ಹೆಂಡತಿಯನ್ನೂ ಕುಂದಾಪುರಕ್ಕೆ ಕರೆದುಕೊಂಡು ಹೋದ. ಯಂತ್ರದ ಪಕ್ಕದಲ್ಲಿ ಕದಿರು ಇನ್ನೂ ನೇತಾಡುತ್ತಿತ್ತು. ಹನ್ನೆರಡು ದಿನದ ಹಿಂದೆ ಹೊಸ್ತು, ಅಂದರೆ ಹೊಸ ಪೈರಿನ ಹಬ್ಬ, ಆಗಿತ್ತಲ್ಲ. ನಮ್ಮ ಕಡೆ ಆ ದಿನ ಹೊಸ ಭತ್ತದ ತೆನೆಗೆ ಮಾವು, ಹಲಸು, ಬಿದಿರಿನ ಎಲೆ ಸೇರಿಸಿ, ನಾರಿನಲ್ಲಿ ಸುತ್ತಿ, ಈ ಕದಿರನ್ನು ಅನ್ನಕ್ಕೆ ದಾರಿಯಾದ ಎಲ್ಲದಕ್ಕೂ ಕಟ್ಟುತ್ತೇವೆ. ಬಾಗಿಲಿಗೆ, ಬಾವಿಗೆ, ಪಂಪಿಗೆ, ರಿಕ್ಷಾಕ್ಕೆ. ಈ ವರ್ಷ ಸ್ವಾತಿಯ ಅತ್ತೆ ಅಮ್ಮಣ್ಣಿ ಅಂಗಡಿಗೂ ಬಂದು ಪ್ರಿಂಟರಿಗೆ ತಾವೇ ಕೈಯಾರೆ ಒಂದು ಕಟ್ಟಿದ್ದರು. "ಇದೂ ನಮ್ಗೆ ಅನ್ನ ಕೊಡುದಲ್ದಾ?" ಎಂದು ಅದರ ಬೆನ್ನು ಸವರಿದ್ದರು.

ಪ್ರಿಂಟರ್ ಮಾರಿದ್ದು ಅಲ್ಲಿನ ಕಂಪ್ಯೂಟರ್ ಅಂಗಡಿಯ ಭೋಜರಾಜ. ಮಾರುವಾಗ ಕುರ್ಚಿ ಹಾಕಿ, ತಂಪು ತರಿಸಿ, "ಒಂದ್ ವರ್ಷ ವಾರಂಟಿ, ಕಣ್ಣ್ ಮುಚ್ಚಿ ಕೂಕಣಿ" ಎಂದಿದ್ದ. ಈಗ ಕುರ್ಚಿಯೂ ಇಲ್ಲ, ತಂಪೂ ಇಲ್ಲ. ಕದಿರು ಕಂಡವನೇ ಅಂಗಡಿಯ ಹುಡುಗಿಯರಿಗೆಲ್ಲ ಕೇಳುವಂತೆ ನಕ್ಕ. ಯಂತ್ರವನ್ನು ಓರೆ ಮಾಡಿ ಎರಡು ಸಲ ಕುಲುಕಿದ. ಒಂದು ಭತ್ತದ ಕಾಳು ಮೇಜಿನ ಗಾಜಿನ ಮೇಲೆ ಟಣ್ಣನೆ ಬಿತ್ತು.

"ಕಾಣಿ! ಭತ್ತ ಒಳಗ್ ಹೋಯ್ತ್, ಬೋರ್ಡ್ ಹೋಯ್ತ್. ಇದಕ್ಕೆ ವಾರಂಟಿ ಬತ್ತಿಲ್ಲ. ಹೊಸತ್ ಒಂದ್ ತಕಣಿ, ಹಳತ್ತನ್ನ ಎಕ್ಸ್‌ಚೇಂಜಿಗೆ ಹಾಕುವ."

"ಬಿಚ್ಚಿ ಕಂಡ್ರ್ಯಾ?" ಸ್ವಾತಿ ಕೇಳಿದಳು.

"ಬಿಚ್ಚುದ್ ಎಂತಕೆ? ಭತ್ತ ಕಾಂತಿಲ್ಯಾ ನಿಮ್ಗೆ?"

"ಭತ್ತ ಹೊರಗೆ ಕಟ್ಟಿದ್ದ್. ಹೊರಗಿಂದ್ ಉದುರಿದ್ದ್ ಆಪ್ಲಾಗ್ದಾ?"

"ನೀವ್ ಎಂಜಿನಿಯರಾ?" ಎಂದ ಭೋಜರಾಜ. ಅವನೂ ಎಂಜಿನಿಯರ್ ಅಲ್ಲ ಎನ್ನುವುದು ಸ್ವಾತಿಯ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಯೋಗೀಶ್ ಅವಳ ಮೊಣಕೈ ಎಳೆದ. "ಹೋಪ, ಬಾ. ಅವ್ರ್ ದಿನಾ ಇದನ್ನೇ ಕಾಂಬವ್ರ್. ಅವ್ರಿಗೆ ಗೊತ್ತಿರತ್ತ್."

ಪ್ರಿಂಟರನ್ನು ಅಂಗಡಿಗೆ ವಾಪಸ್ ಇಳಿಸಿ ಮನೆಗೆ ಬಂದವನೇ ಯೋಗೀಶ್, ದಾರಿಯುದ್ದಕ್ಕೂ ನುಂಗಿಕೊಂಡಿದ್ದ ಸಿಟ್ಟನ್ನು ಅಮ್ಮನ ಮುಂದೆ ಕಕ್ಕಿದ. "ನೀ ಕದ್ರ್ ಕಟ್ಟಿ ಮಿಷನ್ ಹಾಳ್ ಮಾಡ್ದೆ ಅಮ್ಮ. ಒಳಗ್ ಭತ್ತ ಹೋಯಿತ್ ಅಂಬ್ರು."

ಮಾತು ಮಾತಿಗೆ ಗಾದೆ ಹಾಕುವ, ಯಾರಿಗೂ ಸೊಪ್ಪು ಹಾಕದ ಅಮ್ಮಣ್ಣಿ ಅವತ್ತು ಊಟವನ್ನೂ ಮಾಡದೆ ಮಲಗಿದರು. ಬೆಳಿಗ್ಗೆ ಸ್ವಾತಿ ಎದ್ದು ನೋಡುತ್ತಾಳೆ, ಅತ್ತೆ ಕತ್ತಿ ಹಿಡಿದು ಮನೆಯೆಲ್ಲ ತಿರುಗುತ್ತಿದ್ದಾರೆ. ಟಿವಿಯ ಕದಿರು ಕೊಯ್ದಾಗಿತ್ತು. ಗ್ರೈಂಡರಿನದು, ಪಂಪಿನದು, ರಿಕ್ಷಾದ್ದೂ ಆಗಿತ್ತು. ಒಮ್ಮೆ ಕಟ್ಟಿದ ಕದಿರನ್ನು ಮುಂದಿನ ಹೊಸ್ತಿನವರೆಗೆ ಯಾರೂ ಮುಟ್ಟುವುದಿಲ್ಲ. ಅರವತ್ತೆಂಟು ವರ್ಷದ ಅಮ್ಮಣ್ಣಿ ಅದನ್ನೆಲ್ಲ ಸೆರಗಿನಲ್ಲಿ ಗುಡ್ಡೆ ಹಾಕಿಕೊಂಡು ನಿಂತಿದ್ದರು.

"ಅತ್ತೆ, ಎಂತ ಮಾಡ್ತಿದ್ರಿ?"

"ಇನ್ನ್ ನನ್ ಕೈಯಿಂದ ಮತ್ತೊಂದ್ ಹಾಳಾಪುದ್ ಬ್ಯಾಡ ಹೆಣೆ."

ಪ್ರಿಂಟರ್ ಹೋದದ್ದಕ್ಕಿಂತ ಇದು ಸ್ವಾತಿಯನ್ನು ಹೆಚ್ಚಿಗೆ ಸುಟ್ಟಿತು. ಒಬ್ಬ ಮನುಷ್ಯ ತನ್ನ ಮಾಲು ಸರಿಮಾಡಿ ಕೊಡುವ ಕೆಲಸ ತಪ್ಪಿಸಿಕೊಳ್ಳಲು ಒಂದು ಮಾತು ಎಸೆದ. ಆ ಮಾತು ಬಂದು ಇಲ್ಲಿ ಈ ಮುದುಕಿಯ ತಲೆ ಮೇಲೆ ಕೂತಿತು.

ಆ ದಿನ ಸಂಜೆ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ವನಜಕ್ಕ ಮನೆಗೇ ಬಂದರು. "ಹ್ವಾಯ್, ಅಂಗಡಿ ಬಾಗ್ಲ್ ಎಂತಕೆ ಹಾಕಿದ್ದ್?" ಎಂದು ಅಂಗಳದಿಂದಲೇ ಕೂಗಿದರು. ಸ್ವಾತಿ ನಡೆದದ್ದನ್ನೆಲ್ಲ ಹೇಳಿದಳು.

"ಅಂವ ಹಾಂಗಂತ ಬರ್ದ್ ಕೊಟ್ನಾ?" ವನಜಕ್ಕ ಕೇಳಿದರು.

"ಇಲ್ಲ. ಬಾಯಲ್ಲ್ ಹೇಳದ್ದ್."

"ಬಾಯಲ್ಲ್ ಹೇಳುಕೆ ಎಂತ! ಹಾಲಾಡಿಂದ ಚಂದ್ರನಿಗೆ ಮೆಟ್ಲ್ ಕಟ್ಟಿದ್ದೆ ಅಂತ ನಾನೂ ಹೇಳ್ತೆ. ಬಿಲ್ ಇತ್ತಾ?"

"ಇತ್ತ್."

"ಮಿಷನ್ ಸಂಗ್ತಿ ಬಂದ ಪುಸ್ತಕ?"

ಪುಸ್ತಕ ಪೆಟ್ಟಿಗೆಯೊಳಗೇ ಇತ್ತು. ಪೆಟ್ಟಿಗೆ ಅಟ್ಟದಲ್ಲಿತ್ತು. ತಂದ ದಿನದಿಂದ ಪುಸ್ತಕದ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ನಾವು ಯಾರು ತಾನೇ ಹರಿಯುತ್ತೇವೆ? ಇಬ್ಬರೂ ಕೂತು ಇಂಗ್ಲಿಷನ್ನು ಒಂದೊಂದೇ ಸಾಲು ಬಿಡಿಸಿದರು. ಕೊನೆಯ ಪುಟಗಳಲ್ಲಿ ದೀಪಗಳ ಚಿತ್ರ ಸಿಕ್ಕಿತು. ಎರಡು ಕೆಂಪು ದೀಪ ಒಂದಾದ ಮೇಲೊಂದು ಮಿಣುಕಿದರೆ, ಹೆಚ್ಚಾದ ಶಾಯಿ ಹೀರುವ ಪ್ಯಾಡ್ ತುಂಬಿದೆ ಎಂದರ್ಥ. ಸರ್ವಿಸ್ ಸೆಂಟರಿನಲ್ಲಿ ಬದಲಿಸಿಕೊಳ್ಳಿ. ಅಷ್ಟೇ.

ಸ್ವಾತಿ ಆ ಸಾಲನ್ನು ಮೂರು ಸಲ ಓದಿದಳು. "ಒಂದ್ ಸ್ಪಂಜ್ ತುಂಡಿಗೆ ಇಡೀ ಮಿಷನ್ ನಿಲ್ಸುದಾ? ಮುಂಚೆ ಒಂದ್ ಮಾತ್ ಹೇಳುಕಾಗ್ದಾ ಇವ್ರಿಗೆ? ಮತ್ತೆ ಅಂವ, ಇದನ್ನೇ ಮಾರುವವ, ಅವ್ನಿಗೆ ಈ ದೀಪ ಗೊತ್ತಿಲ್ಯಾ?"

"ಗೊತ್ತಿದ್ದೂ ಹೇಳ್ದಿದ್ರೆ ಮೋಸ. ಗೊತ್ತಿಲ್ದೆ ಹೇಳಿದ್ರೆ ಉಡಾಫೆ. ಎರಡಕ್ಕೂ ಕೇಂಬ ಹಕ್ಕ್ ನಿಂಗಿತ್ತ್" ಎಂದರು ವನಜಕ್ಕ. "೧೯೧೫ಕ್ಕೆ ಫೋನ್ ಮಾಡ್. ಗ್ರಾಹಕರ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುಕಾತ್ತ್."

ಜಗುಲಿಯಲ್ಲಿ ಕೂತಿದ್ದ ಯೋಗೀಶ್ ಈಗ ಬಾಯಿ ಹಾಕಿದ. "ಬೇಡ ವನಜಕ್ಕ. ದೊಡ್ ಕಂಪನಿ ಎದ್ರಿಗೆ ನಾವ್ ಎಂತ? ಕೋರ್ಟ್ ಮೆಟ್ಲ್ ಹತ್ತಿ ಉದ್ಧಾರ ಆದವ್ರ್ ಯಾರಿದ್ರ್?"

"ಇದ್ ಕೋರ್ಟ್ ಅಲ್ಲ ಮಾರಾಯ. ಅವ್ರ್ ನಿನ್ನ ದೂರನ್ನ ಕಂಪನಿಗೆ ಕಳ್ಸ್ತ್ರ್, ಉತ್ತರ ಕೇಂತ್ರ್. ಅಷ್ಟಕ್ಕೂ ಬಗ್ಗದಿದ್ರೆ ಮಾತ್ರ ಉಡುಪಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇತ್ತ್. ಅಲ್ಲೂ ವಕೀಲರ್ ಇರ್ಲೇಬೇಕ್ ಅಂತಿಲ್ಲ. ತೊಂದ್ರೆ ಆದ ಎರಡ್ ವರ್ಷದೊಳಗೆ ಹೋಯ್ಕ್, ಅಷ್ಟೇ."

"ಇದ್ ಅಂಗಡಿಗೆ ತಕಂಡ ಮಾಲ್. ನೀವ್ ಗ್ರಾಹಕರೇ ಅಲ್ಲ ಅಂದ್ರೆ?"

"ತಾನೇ ದುಡ್ದ್ ಹೊಟ್ಟೆ ಹೊರುಕೆ ತಕಂಡ ಮಾಲಿಗೂ ಹಕ್ಕಿತ್ತ್ ಅಂತ ಕಾನೂನ್ ಹೇಳತ್ತ್. ಸ್ವಾತಿ ಎಂತ ಫ್ಯಾಕ್ಟರಿ ಇಟ್ಟಿದ್ದಳಾ?"

"ಊರವ್ರ್ ನಗಾಡ್ತ್ರ್" ಎಂದು ಯೋಗೀಶ್ ಗೊಣಗಿದ.

"ನಗಾಡ್ಲಿ" ಎಂದಳು ಸ್ವಾತಿ. "ನಿನ್ನೆ ಭೋಜರಾಜ ನಗಾಡ್ದ, ನೀವ್ ಸುಮ್ನೆ ನಿಂತ್ರಿ. ಅತ್ತೆ ಉಂಡಿಲ್ಲ, ಅದಕ್ಕೂ ಸುಮ್ನೆ ಕೂಕಂಡ್ರಿ. ಇನ್ನ್ ನಾ ಸುಮ್ನಿರುದಿಲ್ಲ."

ಮರುದಿನ ಬೆಳಿಗ್ಗೆ ಫೋನ್ ಮಾಡಿದಳು. ಬಿಲ್ಲಿನ ತಾರೀಕು ಕೇಳಿದರು, ಯಂತ್ರದ ನಂಬರ್ ಕೇಳಿದರು, ಏನಾಯಿತು, ನಿಮಗೆ ಏನಾಗಬೇಕು ಎಂದು ಕೇಳಿದರು. "ಸರಿ ಮಾಡಿಕೊಡಬೇಕು. ಹಾಳಾದದ್ದು ಯಾಕೆ ಅಂತ ಬರೆದೂ ಕೊಡಬೇಕು" ಎಂದಳು. ದೂರಿನ ಸಂಖ್ಯೆ ಮೊಬೈಲಿಗೆ ಬಂತು. ಬಿಲ್ಲಿನ ಫೋಟೊ, ಮಿಣುಕುವ ದೀಪದ ವಿಡಿಯೊ ಎಲ್ಲ ತೆಗೆದಿಟ್ಟುಕೊಂಡಳು. ಕೈಯಲ್ಲೇ ಎರಡು ಪ್ರತಿ ಪತ್ರ ಬರೆದು ಭೋಜರಾಜನ ಅಂಗಡಿಗೂ ಹೋದಳು.

"ಇಷ್ಟಕ್ಕೆಲ್ಲ ಕಂಪ್ಲೇಂಟ್ ಕೊಡುದಾ ಮಾರಾಯ್ರೆ?" ಭೋಜರಾಜನ ಮುಖ ಹುಳ್ಳಗಾಯಿತು.

"ಇಷ್ಟಕ್ಕೇ. ಒಂದ್ ಪ್ರತಿ ನೀವ್ ಇಟ್ಕಣಿ. ಇನ್ನೊಂದಕ್ಕೆ ಸೀಲ್ ಹಾಕಿ ಕೊಡಿ."

ಅವನು ಅತ್ತ ನೋಡಿದ, ಇತ್ತ ನೋಡಿದ, ಫೋನಿನಲ್ಲಿ ಮಾತಾಡಿದಂತೆ ಮಾಡಿದ. ಸ್ವಾತಿ ಕದಲಲಿಲ್ಲ. ಅರ್ಧ ಗಂಟೆಗೆ ಸೀಲ್ ಬಿತ್ತು.

ದೂರು ಕೊಟ್ಟ ಒಂಬತ್ತನೇ ದಿನ ಕಂಪನಿಯ ಕಡೆಯಿಂದ ನಿತೇಶ್ ಎಂಬ ಮೆಕ್ಯಾನಿಕ್ ಹಾಲಾಡಿಗೇ ಬಂದ. ಹನ್ನೊಂದು ದಿನ ಅಂಗಡಿ ಮುಚ್ಚಿದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲ, ಅದು ಬೇರೆ ಮಾತು. ಸ್ವಾತಿ ಅತ್ತೆಯನ್ನೂ ಗಂಡನನ್ನೂ ಅಂಗಡಿಗೆ ಕರೆಸಿದಳು. ಅಮ್ಮಣ್ಣಿ ಬರಲು ಒಪ್ಪಲಿಲ್ಲ. ಸ್ವಾತಿ ಕೈ ಹಿಡಿದು ಕರೆತಂದಳು. ಎಲ್ಲರ ಎದುರಿಗೇ ನಿತೇಶ್ ಯಂತ್ರ ಬಿಚ್ಚಿದ. ಒಳಗೆ ಭತ್ತ ಇರಲಿಲ್ಲ. ಹೊಟ್ಟೂ ಇರಲಿಲ್ಲ. ತಳದಲ್ಲಿ ಬಿಳಿ ಇರಬೇಕಾದ ಪ್ಯಾಡ್ ಕಪ್ಪು ಶಾಯಿಯಲ್ಲಿ ನೆನೆದು ಮುದ್ದೆಯಾಗಿತ್ತು.

"ದಿನಾ ಬೆಳಿಗ್ಗೆ ಕ್ಲೀನಿಂಗ್ ಕೊಡ್ತಿದ್ರ್ಯಾ?" ನಿತೇಶ್ ಕೇಳಿದ.

"ಹೌದ್. ಕೊಡ್ಕ್ ಅಂತ ಅಂಗಡಿಯವ್ರೇ ಹೇಳದ್ದ್."

"ದಿನಾ ಬೇಡ. ಕ್ಲೀನಿಂಗ್ ಮಾಡುವಾಗ ಚೆಲ್ಲುವ ಶಾಯಿ ಎಲ್ಲ ಇಲ್ಲೇ ಬಂದ್ ತುಂಬತ್ತ್. ಅಕ್ಷರ ಮಾಸ್ದ್ರೆ ಮಾತ್ರ ಕೊಡಿ."

ಪ್ಯಾಡ್ ಬದಲಾಯಿತು. ಯಂತ್ರ ಓಡಿತು. ವಾರಂಟಿ ಇದ್ದುದರಿಂದ ಒಂದು ಪೈಸೆಯೂ ಹೋಗಲಿಲ್ಲ. ನಿತೇಶ್ ವರದಿಯಲ್ಲಿ 'ಪ್ಯಾಡ್ ಬದಲಿಸಲಾಗಿದೆ' ಎಂದು ಬರೆದು ಸಹಿಗೆ ಚಾಚಿದ. ಸ್ವಾತಿ ಪೆನ್ನು ಮುಟ್ಟಲಿಲ್ಲ.

"ಒಳಗೆ ಭತ್ತ ಇರಲಿಲ್ಲ ಅಂತಲೂ ಬರ್ದ್ ಕೊಡಿ."

"ಅದೆಲ್ಲ ಬರೆಯುವ ಕ್ರಮ ಇಲ್ಲ ಅಕ್ಕ."

"ಇತ್ತ್ ಅಂತ ಹೇಳುವ ಕ್ರಮ ಇತ್ತಲ್ದಾ? ಹಾಂಗಾರೆ ಇಲ್ಲ ಅಂತ ಬರೆಯುದೂ ಇರ್ಲಿ."

ನಿತೇಶ್ ಅವಳ ಮುಖ ನೋಡಿದ, ಮೂಲೆಯಲ್ಲಿ ನಿಂತ ಅಮ್ಮಣ್ಣಿಯ ಮುಖ ನೋಡಿದ. ತಲೆ ತಗ್ಗಿಸಿ ಬರೆದ. ಸ್ವಾತಿ ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು.

ಯೋಗೀಶ್ ಕತ್ತು ತುರಿಸಿಕೊಂಡ. "ಅಮ್ಮ, ನಂದ್ ತಪ್ಪಾಯ್ತ್. ಅವ್ರ್ ಹೇಳಿರ್ ಅಂತ ನಾ ನಂಬ್ದೆ. ಇನ್ನ್ ಯಾರ್ ಎಂತ ಹೇಳಿರೂ ಮೊದ್ಲ್ ಬರ್ದ್ ಕೊಡಿ ಅಂತ ಕೇಂತೆ."

ಅಮ್ಮಣ್ಣಿ ಹನ್ನೊಂದು ದಿನ ನುಂಗಿದ್ದು ಆಗ ಹೊರಗೆ ಬಂತು. "ನಂಬ್ದ್ದಲ್ಲ ಮಗಾ. ಅವ್ನ ಹತ್ರ ಕೇಂಬುಕೆ ನಿಂಗೆ ಬಾಯ್ ಬರ್ಲಿಲ್ಲ. ನನ್ನ ಹತ್ರ ಹೇಳುಕೆ ಬಂತ್."

ಯೋಗೀಶ್ ಆ ವರದಿಯನ್ನು ಮಡಚಿ ಅಮ್ಮನ ಕೈಗೆ ಕೊಟ್ಟ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಅಮ್ಮಣ್ಣಿಯ ಮಾತು ನಮಗೂ ಸಲ್ಲುತ್ತದೆ. ಮಿಕ್ಸಿ ಕೆಟ್ಟರೆ ಹೆಂಡತಿಯ ಕೈ ಸರಿ ಇಲ್ಲ ಅನ್ನುತ್ತೇವೆ. ಮೊಬೈಲ್ ಕೆಟ್ಟರೆ ಮಕ್ಕಳ ಬೆನ್ನಿಗೆ ಎರಡು ಕೊಡುತ್ತೇವೆ. ದುಡ್ಡು ತೆಗೆದುಕೊಂಡವನ ಎದುರು ಮಾತ್ರ ಕೈ ಕಟ್ಟಿ ನಿಲ್ಲುತ್ತೇವೆ. ಈ ಚಾಳಿ ಸಾಕು. ಸಾಮಾನು ತಂದ ದಿನವೇ ಬಿಲ್ಲು ಕೇಳಿ ತೆಗೆದುಕೊಳ್ಳಿ, ವಾರಂಟಿ ಎಷ್ಟು ದಿನ ಎಂದು ಓದಿಸಿಕೊಳ್ಳಿ. ಯಂತ್ರ ನಿಂತರೆ ಅದು ತೋರಿಸುವ ದೀಪ, ಅಕ್ಷರ ಏನಿದ್ದರೂ ಫೋಟೊ ಹೊಡೆಯಿರಿ. ರಿಪೇರಿ ಆಗುವುದಿಲ್ಲ ಎಂದವರ ಹತ್ತಿರ ಕಾರಣ ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ೧೯೧೫ಕ್ಕೆ ಫೋನ್ ಮಾಡಿ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಅಂಗಡಿಯವನ ಮಾತನ್ನು ಹೊತ್ತು ತಂದು ಮನೆಯವರ ಮೇಲೆ ಹಾಕಬೇಡಿ. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದವನ ಹತ್ತಿರವೇ, ಅವನ ಅಂಗಡಿಯಲ್ಲೇ, ಗಟ್ಟಿಯಾಗಿ ಕೇಳಿ.