ಸಭೆಗೆ ಮೊದಲೇ ಬರೆದ ನಡಾವಳಿ

ದ್ವೀಪದ ಪುರಸಭೆಯನ್ನು ಆಚೆ ದಡದ ನಗರಸಭೆಗೆ ಸೇರಿಸಿ ಮೂರು ವರ್ಷವಾಗಿತ್ತು. ಆದರೂ ಮಾಜಿ ಅಧ್ಯಕ್ಷರು ಹಳೆಯ ಕಚೇರಿಗೆ ಬಂದಾಗಲೆಲ್ಲ ಎತ್ತರದ ಕುರ್ಚಿಯನ್ನೇ ಹುಡುಕಿ ಕೂರುತ್ತಿದ್ದರು. ಊರಿನವರು ಅವರಿಗಿಟ್ಟ ಹೆಸರು ಫೋಟೋರಾಯರು. ಚರಂಡಿಯ ಒಂದು ಚಪ್ಪಡಿ ಎತ್ತಿದರೂ ಸಾಕು, ಪಕ್ಕದಲ್ಲಿ ನಿಂತು ಹಲ್ಲು ಬಿಡುತ್ತಿದ್ದರು. ಚರಂಡಿ ಮಾತ್ರ ನಾರುತ್ತಲೇ ಇತ್ತು.

ಗುಮಾಸ್ತೆ ಅವರನ್ನೂ ಅವರ ಹಿಂದಿನವರನ್ನೂ ಇಪ್ಪತ್ತೆರಡು ವರ್ಷ ಕಂಡವಳು. ಪುರಸಭೆಯ ಹನ್ನೊಂದು ಮಂದಿ ಸದಸ್ಯರಿಗಿಂತ ಅವರು ಕೂತ ಬೆಂಚೇ ಮೇಲು ಎಂಬುದು ಅವಳ ಲೆಕ್ಕ. ಅದು ಒಂದಷ್ಟು ಭಾರವನ್ನಾದರೂ ಹೊತ್ತಿತ್ತು. ದ್ವೀಪವನ್ನಾಳುತ್ತಿದ್ದವರಲ್ಲಿ ಒಂಬತ್ತು ಜನ ಮನೆ ಮಾಡಿದ್ದು ಆಚೆ ದಡದಲ್ಲಿ. ನಾಲ್ಕು ಗಂಟೆಯ ದೋಣಿ ತಪ್ಪಬಾರದೆಂದು ಸಭೆಯ ನಡಾವಳಿಯನ್ನು ಅವಳು ಬೆಳಿಗ್ಗೆಯೇ ಬರೆದಿಡಬೇಕಿತ್ತು. ಮಹನೀಯರು ಬಂದು ಚಹಾ ಕುಡಿದು, ಓದುವ ಕಷ್ಟ ತೆಗೆದುಕೊಳ್ಳದೆ ಸಹಿ ಗೀಚಿ, ಬಿಸ್ಕತ್ತು ಬಾಯಲ್ಲಿರುವಾಗಲೇ ಮೆಟ್ಟಿಲಿಳಿಯುತ್ತಿದ್ದರು.

ಇವತ್ತು ಫೋಟೋರಾಯರು ನಗರಸಭೆಯ ಅಧಿಕಾರಿಯನ್ನು ಕರೆತಂದಿದ್ದರು. ರೋಗಿಗಳ ದೋಣಿಯನ್ನು ಇನ್ನು ಮೇಲೆ ಆಚೆ ದಡದಲ್ಲೇ ನಿಲ್ಲಿಸಬೇಕಂತೆ. ಊರಿನ ಪರವಾಗಿ ಒಪ್ಪಿಗೆ ಕೊಟ್ಟರೆ, ಅಚ್ಚಾಗಲಿರುವ ದ್ವೀಪದ ಚರಿತ್ರೆಯ ಮೊದಲ ಪುಟದಲ್ಲಿ ರಾಯರ ಫೋಟೋ.

“ದೋಣಿ ಎಲ್ಲಿದ್ರೇನಮ್ಮ, ಫೋನ್ ಮಾಡಿದ್ರೆ ಬರುತ್ತೆ,” ಎಂದರು ರಾಯರು.

“ಬರೋಕೆ ಮುಕ್ಕಾಲು ಗಂಟೆ, ಹೋಗೋಕೆ ಮುಕ್ಕಾಲು ಗಂಟೆ. ನನ್ನ ಮಗಳಿಗೆ ಈ ವಾರಾನೇ ಹೆರಿಗೆ ಸಾರ್. ಹುಟ್ಟೋ ಕೂಸಿಗೆ ನಿಮ್ಮ ಫೋಟೋ ತೋರಿಸಿ, ಸ್ವಲ್ಪ ತಡ್ಕೊ ಅನ್ನಲಾ?” ಎಂದಳು ಗುಮಾಸ್ತೆ.

ಅಧಿಕಾರಿ ಗಂಟಲು ಸರಿಮಾಡಿಕೊಂಡ. “ವಿಲೀನದ ನಿರ್ಣಯದಲ್ಲಿ ಹೇಗಿದೆಯೋ ಹಾಗೇ ಮಾಡೋದು. ನಡಾವಳಿ ಪುಸ್ತಕ ಇದೆಯಾ?”

“ತೆಗಿಯಮ್ಮ,” ಎಂದರು ರಾಯರು. “ನನ್ನ ಕಾಲದ್ದು. ಒಂದೊಂದಕ್ಷರಾನೂ ಬಾಯಿಪಾಠ.”

ಅವಳು ಪುಸ್ತಕ ತೆರೆದಿಟ್ಟಳು. ಅಧಿಕಾರಿ ಗಟ್ಟಿಯಾಗಿ ಓದಿದ: “ರೋಗಿಗಳ ದೋಣಿ ದ್ವೀಪದ ದೋಣಿಕಟ್ಟೆಯಲ್ಲೇ ಇರತಕ್ಕದ್ದು. ಈ ಷರತ್ತಿನ ಮೇಲೆ ಮಾತ್ರ ವಿಲೀನಕ್ಕೆ ಸಮ್ಮತಿ. ದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ಅಂಗೀಕಾರ.” ಕೆಳಗೆ ಹನ್ನೊಂದು ಸಹಿ. ಎಲ್ಲಕ್ಕಿಂತ ಮೇಲೆ ಬಾಲ ಸುತ್ತಿಕೊಂಡಿದ್ದ ಸಹಿ ರಾಯರದ್ದೇ.

“ಇದನ್ನ ಯಾರು ಬರೆದಿದ್ದು?” ರಾಯರ ಮುಖ ಇಳಿದಿತ್ತು.

“ನಾನೇ. ಬೆಳಿಗ್ಗೆ ಹತ್ತಕ್ಕೆ. ಯಾವಾಗಲಿನ ಹಾಗೆ.”

“ಇದರ ಬಗ್ಗೆ ನಾವು ಚರ್ಚೆನೇ ಮಾಡಿಲ್ಲ.”

“ಹಾಗಂತ ಬರೆದುಕೊಡಿ ಸಾರ್. ಇಪ್ಪತ್ತೆರಡು ವರ್ಷ ಇಲ್ಲಿ ಯಾರೂ ಯಾವುದರ ಚರ್ಚೆನೂ ಮಾಡಿಲ್ಲ ಅಂತ ಅದರಲ್ಲೇ ಸೇರಿಸಿಬಿಡಿ.”

ಅಧಿಕಾರಿ ತಾನು ತಂದಿದ್ದ ಪತ್ರವನ್ನು ಮಡಚಿ ಫೈಲಿನೊಳಗೆ ಇಟ್ಟುಕೊಂಡ. “ದೋಣಿ ಇಲ್ಲೇ ಇರಲಿ ಬಿಡಿ.”

“ಹಾಗಾದ್ರೆ ನನ್ನ ಫೋಟೋ?” ರಾಯರ ದನಿ ಸಣ್ಣಗಾಗಿತ್ತು.

“ಹಾಕಿಸೋಣ ಸಾರ್,” ಎಂದಳು ಅವಳು. “ಓದದೇ ಸಹಿ ಹಾಕಿ ದೋಣಿ ಉಳಿಸಿದವರು ಅಂತ ಕೆಳಗೆ ನಾನೇ ಬರೀತೀನಿ. ನೀವು ಅದನ್ನೂ ಓದಬೇಕಾಗಿಲ್ಲ.”

ಬೀರುವಿಗೆ ಬೀಗ ಹಾಕಿ ಅವಳು ಕಟ್ಟೆಗೆ ನಡೆದಳು. ದೋಣಿಯವನು ಬಕೆಟ್ಟಿನಲ್ಲಿ ನೀರೆತ್ತಿ ಹಲಗೆ ತೊಳೆಯುತ್ತಿದ್ದ.

“ಡೀಸೆಲ್ ತುಂಬಿಸಿಡಪ್ಪ,” ಎಂದಳು. “ಹಾಸಿಗೇನೂ ಬಿಸಿಲಿಗೆ ಹಾಕಿರು. ಮಗಳಿಗೆ ನಿನ್ನೆಯಿಂದ ಸೊಂಟ ನೋವು.”